ಕರೆದವರಾರು? ಗಣಕಯಂತ್ರದೊಳಗಿನ ಹುಸಿ ಕರೆಗಳು

ಬಳ್ಳಾರಿ ಜಿಲ್ಲೆಯ ಸಿರಿಗೇರಿ ಭತ್ತದ ಸೀಮೆಗೆ ಸೇರಿದ ಊರು. ತುಂಗಭದ್ರೆಯ ಕಾಲುವೆಗೆ ನೀರು ಬಂದಾಗ ನಾಟಿ, ಪೈರು ಮಾಗಿದಾಗ ಕೊಯ್ಲು, ಸುಗ್ಗಿಯ ದಿನಗಳಲ್ಲಿ ಅಕ್ಕಿ ಗಿರಣಿಗಳ ಕಡೆಗೆ ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳು. ಇದು ಆ ಸೀಮೆಯ ಬಾಳಿನ ಕ್ರಮ. ಇಂತಹ ಊರಿಗೂ ಗಣಕಯಂತ್ರಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದರೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಪೆಟ್ಟಿಗೆ, ಬ್ಯಾಂಕಿನ ಮೇಜಿನ ಮೇಲಿನ ಯಂತ್ರ, ಗಿರಣಿಯಲ್ಲಿ ಕಪ್ಪು ಕಾಳನ್ನು ಕ್ಯಾಮೆರಾದ ಕಣ್ಣಿನಿಂದ ಗುರುತಿಸಿ ಗಾಳಿಯ ಹೊಡೆತದಿಂದ ಬೇರ್ಪಡಿಸುವ ಕಲರ್ ಸಾರ್ಟರ್, ಎಲ್ಲರ ಜೇಬಿನಲ್ಲಿರುವ ಫೋನು, ಇವೆಲ್ಲದರ ಒಡಲಿನಲ್ಲಿರುವುದು ಗಣಕವೇ.

ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಒಂದು ಸೋಜಿಗ ಕಾಣುತ್ತದೆ. ಲೆಕ್ಕ ಮಾಡುವ ಪ್ರೊಸೆಸರುಗಳು ಕೆಲವೇ. ಅವುಗಳ ಗಮನವನ್ನು ಬೇಡುವ ಉಪಕರಣಗಳಾದರೋ ಹಲವು: ಕೀಲಿಮಣೆ, ಗಡಿಯಾರ, ಡಿಸ್ಕು, ಜಾಲದ ತಂತಿ, ಕ್ಯಾಮೆರಾ. ಇಷ್ಟು ಮಂದಿಯ ಕೂಗಿಗೆ ಪ್ರೊಸೆಸರು ಹೇಗೆ ಓಗೊಡುತ್ತದೆ? ಯಾರೂ ಕೂಗದೆಯೇ ಕೂಗು ಕೇಳಿಸಿದರೆ ಏನು ಮಾಡುತ್ತದೆ? ಈ ಎರಡನೆಯ ಪ್ರಶ್ನೆಯೇ ನಾವು ಇಲ್ಲಿ ಮುಖ್ಯವಾಗಿ ವಿಚಾರಿಸಬೇಕೆಂದಿರುವುದು. ಮೇಲುನೋಟಕ್ಕೆ ಇದು ಅಲ್ಪ ವಿಷಯವೆನಿಸಬಹುದು. ಆದರೆ ಇದನ್ನು ಸರಿಯಾಗಿ ನಿಭಾಯಿಸದಿದ್ದರೆ ಎಷ್ಟು ಬಲವಾದ ಯಂತ್ರವಾದರೂ ಕ್ಷಣಾರ್ಧದಲ್ಲಿ ಕಲ್ಲಾಗಿ ನಿಂತುಬಿಡುತ್ತದೆ.

ಒಬ್ಬ ಗುಮಾಸ್ತ, ನಾಲ್ಕು ಕಡೆಯ ಕೆಲಸ

ಒಂದು ಅಕ್ಕಿ ಗಿರಣಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಕಚೇರಿಯ ಕೋಣೆಯಲ್ಲಿ ಒಬ್ಬನೇ ಗುಮಾಸ್ತ ಲೆಕ್ಕ ಬರೆಯುತ್ತ ಕುಳಿತಿದ್ದಾನೆ. ಹೊರಗೆ ನಾಲ್ಕು ಕಡೆ ಅವನ ಅಗತ್ಯ ಬೀಳುತ್ತದೆ: ಲಾರಿ ತೂಗುವ ವೇ ಬ್ರಿಡ್ಜು, ಬಾಯ್ಲರು, ಭತ್ತ ಒಣಗಿಸುವ ಡ್ರೈಯರು, ಗೋದಾಮು. ಅವನು ಕೆಲಸವನ್ನು ಎರಡು ರೀತಿಯಲ್ಲಿ ನಡೆಸಬಹುದು.

ಮೊದಲನೆಯದು, ಐದೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕೂ ಕಡೆ ಸುತ್ತಿ, “ಏನಾದರೂ ಕೆಲಸವಿದೆಯೇ?” ಎಂದು ಕೇಳಿ ಬರುವುದು. ಗಣಕಶಾಸ್ತ್ರದಲ್ಲಿ ಇದಕ್ಕೆ ಪೋಲಿಂಗ್ ಎಂದು ಹೆಸರು. ಇದರಲ್ಲಿ ಮೋಸವಿಲ್ಲ, ಆದರೆ ದಂಡ ಬಹಳ. ಬಹುಪಾಲು ಸುತ್ತುಗಳಲ್ಲಿ ಕೆಲಸವೇ ಇರುವುದಿಲ್ಲ. ಕೆಲಸವಿದ್ದಾಗ ಅವನು ಬರುವವರೆಗೆ ಲಾರಿ ಕಾಯುತ್ತದೆ.

ಎರಡನೆಯದು, ಗುಮಾಸ್ತನ ಕೋಣೆಯಲ್ಲಿ ಒಂದು ಗಂಟೆ ಕಟ್ಟಿ, ಅದರ ಹಗ್ಗವನ್ನು ಹೊರಗಿನವರ ಕೈಗೆ ಕೊಡುವುದು. ಗಂಟೆ ಬಾರಿಸಿದಾಗ ಅವನು ಬರೆಯುತ್ತಿದ್ದ ಸಾಲನ್ನು ಮುಗಿಸಿ, ಎಲ್ಲಿಗೆ ನಿಲ್ಲಿಸಿದೆನೆಂದು ಗುರುತಿಟ್ಟು, ಎದ್ದು ಹೋಗಿ ಕೆಲಸ ತೀರಿಸಿ, ಮರಳಿ ಬಂದು ಗುರುತಿಟ್ಟ ಕಡೆಯಿಂದ ಮುಂದುವರಿಸುತ್ತಾನೆ. ಗಣಕದಲ್ಲಿ ಈ ಗಂಟೆಯ ಹೆಸರು ಇಂಟರಪ್ಟ್. ಎಂದರೆ ನಡುವೆ ತಡೆದು ಕರೆಯುವ ಕರೆ.

ಪ್ರೊಸೆಸರು ಮಾಡುವುದೂ ಇದನ್ನೇ. ಕರೆಯ ತಂತಿಯಲ್ಲಿ ಸಂಕೇತ ಬಂದಾಗ ಅದು ಕೈಯಲ್ಲಿರುವ ಆದೇಶವನ್ನು ಮುಗಿಸುತ್ತದೆ. ಮುಂದೆ ನಡೆಸಬೇಕಾದ ಆದೇಶದ ವಿಳಾಸವನ್ನು ನೆನಪಿನ ಕೋಶದಲ್ಲಿ ಬರೆದಿಡುತ್ತದೆ. ಕರೆಯ ಸಂಖ್ಯೆ ಯಾವುದೆಂದು ತಿಳಿದುಕೊಂಡು, ಆ ಸಂಖ್ಯೆಗೆ ಗೊತ್ತುಮಾಡಿದ ಕಾರ್ಯಕ್ರಮಕ್ಕೆ ನೆಗೆಯುತ್ತದೆ. ಆ ಕಾರ್ಯಕ್ರಮವು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಸೇರಿದ್ದು. ಕೆಲಸ ತೀರಿದ ಮೇಲೆ “ಈ ಕರೆ ಮುಗಿಯಿತು” ಎಂಬ ಸೂಚನೆಯನ್ನು ಕರೆ ತಂದ ಚಿಪ್ಪಿಗೆ ಕೊಟ್ಟು, ಪ್ರೊಸೆಸರು ಹಿಂದಿನ ಕೆಲಸಕ್ಕೆ ಮರಳುತ್ತದೆ. ಇದೆಲ್ಲವೂ ಸೆಕೆಂಡಿನ ಲಕ್ಷಾಂಶಗಳಲ್ಲಿ ನಡೆದುಹೋಗುವ ವ್ಯವಹಾರ.

ಈ ಏರ್ಪಾಡು ಹೊಸದಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1954ರಲ್ಲಿ ಸಿದ್ಧಪಡಿಸಿದ ಡೈಸಿಯಾಕ್ ಎಂಬ ಗಣಕದಲ್ಲಿಯೇ ಹೊರಗಿನ ಉಪಕರಣಗಳು ಪ್ರೊಸೆಸರನ್ನು ಕರೆಯುವ ಸೌಕರ್ಯವಿತ್ತು. ಹಾಲೆಂಡಿನ ಎಡ್‌ಸ್ಗರ್ ಡೈಕ್‌ಸ್ಟ್ರಾ ಅವರು ಎಕ್ಸ್-1 ಎಂಬ ಗಣಕಕ್ಕಾಗಿ ಇಂಟರಪ್ಟುಗಳನ್ನು ನಿರ್ವಹಿಸುವ ಕಾರ್ಯಕ್ರಮವನ್ನು ರಚಿಸಿ, ಅದೇ ವಿಷಯದ ಮೇಲೆ 1959ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಒಪ್ಪಿಸಿದರು. ಅವರನ್ನು ಕಾಡಿದ ಚಿಂತೆ ಇಂದಿಗೂ ಹಳೆಯದಾಗಿಲ್ಲ. ಗಂಟೆ ಯಾವ ಕ್ಷಣದಲ್ಲಿ ಬಾರಿಸೀತೆಂದು ಹೇಳಲಾಗದು. ಆದುದರಿಂದ ಒಮ್ಮೆ ಕಂಡ ತಪ್ಪನ್ನು ಇನ್ನೊಮ್ಮೆ ಹಾಗೆಯೇ ಉಂಟುಮಾಡಿ ಪರೀಕ್ಷಿಸುವುದು ಬಹು ಕಷ್ಟ. ಹುಸಿ ಕರೆಗಳ ವಿಷಯದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ.

ಹುಸಿ ಕರೆ ಹೇಗೆ ಹುಟ್ಟುತ್ತದೆ?

ಗಂಟೆ ಬಾರಿಸಿತು. ಗುಮಾಸ್ತ ಎದ್ದು ಹೋಗಿ ವೇ ಬ್ರಿಡ್ಜಿನವನನ್ನು ಕೇಳಿದ; ಅವನು ಕರೆದಿಲ್ಲ. ಬಾಯ್ಲರಿನವನೂ ಕರೆದಿಲ್ಲ. ಡ್ರೈಯರು, ಗೋದಾಮು, ಎಲ್ಲರದೂ ಅದೇ ಉತ್ತರ. ಹಾಗಾದರೆ ಗಂಟೆ ಬಾರಿಸಿದವರಾರು? ಗಣಕದಲ್ಲಿ ಇಂತಹ ಕರೆಗೆ ಹಲವು ಕಾರಣಗಳುಂಟು.

ಒಂದು, ಗಾಳಿಗೆ ಹಗ್ಗ ಅಲುಗಿರಬಹುದು. ಪಕ್ಕದ ತಂತಿಯಲ್ಲಿ ವಿದ್ಯುತ್ತು ಒಮ್ಮೆಲೆ ಏರಿದರೆ ಅಥವಾ ಹತ್ತಿರದಲ್ಲಿ ದೊಡ್ಡ ಮೋಟಾರು ಶುರುವಾದರೆ ಕರೆಯ ತಂತಿಯಲ್ಲಿ ಕ್ಷಣಿಕವಾದ ಮಿಡಿತವೊಂದು ಹುಟ್ಟಬಹುದು. ಚಿಪ್ಪು ಅದನ್ನೇ ಕರೆಯೆಂದು ತಿಳಿಯುತ್ತದೆ.

ಎರಡು, ಕರೆದವನು ಮನಸ್ಸು ಬದಲಿಸಿರಬಹುದು. ಹಗ್ಗ ಎಳೆದ ಮರುಕ್ಷಣದಲ್ಲಿಯೇ ಅವನ ಕೆಲಸ ಬೇರೆ ದಾರಿಯಿಂದ ತೀರಿತು. ಗುಮಾಸ್ತ ಬರುವಷ್ಟರಲ್ಲಿ ಹೇಳಲು ಏನೂ ಉಳಿಯಲಿಲ್ಲ.

ಮೂರು, ತೀರಿದ ಕೆಲಸದ ಸುದ್ದಿ ತಡವಾಗಿ ತಲಪಿರಬಹುದು. ಕರ್ನಲ್ ಉಪಕರಣಕ್ಕೆ “ನಿನ್ನ ಕೆಲಸ ಆಯಿತು, ಹಗ್ಗ ಬಿಡು” ಎಂದು ಬರೆಯುತ್ತದೆ. ಆದರೆ ಆ ಬರಹ ನೇರವಾಗಿ ಉಪಕರಣಕ್ಕೆ ಹೋಗದೆ ನಡುವಿನ ತಾತ್ಕಾಲಿಕ ಕೋಶಗಳಲ್ಲಿ ತಂಗಿರುವುದುಂಟು. ಅಷ್ಟರೊಳಗೆ ಕರ್ನಲ್ “ಕರೆ ಮುಗಿಯಿತು” ಎಂದು ಸಾರಿಬಿಟ್ಟರೆ, ಇನ್ನೂ ಬಿಗಿಯಾಗಿಯೇ ಇರುವ ಹಗ್ಗವನ್ನು ಕಂಡು ಚಿಪ್ಪು ಹೊಸ ಕರೆಯೊಂದನ್ನು ಕಳುಹಿಸುತ್ತದೆ. ಇದಕ್ಕೆ ಮದ್ದು ಸುಲಭ: ಬರೆದ ಮೇಲೆ ಅದೇ ಉಪಕರಣದಿಂದ ಏನನ್ನಾದರೂ ಒಮ್ಮೆ ಓದುವುದು. ಬರಹ ತಲಪದೆ ಓದಿಗೆ ಉತ್ತರ ಬಾರದಾದ್ದರಿಂದ, ಉತ್ತರ ಬಂದಾಗ ಬರಹ ತಲಪಿತೆಂದು ತಿಳಿಯಬಹುದು.

ನಾಲ್ಕು, ಹಗ್ಗ ಹಿಡಿದವನ ಹೆಸರು ಗುಮಾಸ್ತನ ಪಟ್ಟಿಯಲ್ಲಿಯೇ ಇಲ್ಲದಿರಬಹುದು. ಯಂತ್ರದಲ್ಲಿ ಕಾರ್ಡೊಂದಿದೆ, ಅದು ಕರೆಯುತ್ತಲೂ ಇದೆ. ಆದರೆ ಅದರ ಭಾಷೆ ಬಲ್ಲ ಡ್ರೈವರ್ ಎಂಬ ತಂತ್ರಾಂಶವನ್ನು ಯಾರೂ ಹಾಕಿಲ್ಲ. ಈ ನಾಲ್ಕನೆಯದೇ ಎಲ್ಲಕ್ಕಿಂತ ಅಪಾಯಕರ. ಅದೇಕೆಂಬುದನ್ನು ಮುಂದೆ ನೋಡುವೆವು.

ಏಳನೆಯ ಸಂಖ್ಯೆಯ ಗುಟ್ಟು

1981ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಕರೆಗಳನ್ನು ಒಟ್ಟುಗೂಡಿಸಿ ಪ್ರೊಸೆಸರಿಗೆ ಮುಟ್ಟಿಸುವ ಕೆಲಸ ಇಂಟೆಲ್‌ನ 8259ಎ ಎಂಬ ಚಿಪ್ಪಿನದು. ಅದಕ್ಕೆ 0ಯಿಂದ 7ರವರೆಗೆ ಎಂಟು ಕರೆತಂತಿಗಳು. 0 ಗಡಿಯಾರದ್ದು, 1 ಕೀಲಿಮಣೆಯದು, ಹೀಗೆ. ಸಂಖ್ಯೆ ಚಿಕ್ಕದಾದಷ್ಟೂ ಮನ್ನಣೆ ಹೆಚ್ಚು.

ಈ ಚಿಪ್ಪಿನ ನಡವಳಿಕೆ ಹೀಗಿದೆ. ಯಾವುದೋ ತಂತಿಯಲ್ಲಿ ಕರೆ ಬಂದೊಡನೆ ಅದು ಪ್ರೊಸೆಸರಿಗೆ “ಯಾರೋ ಕರೆಯುತ್ತಿದ್ದಾರೆ” ಎಂದಷ್ಟೇ ಹೇಳುತ್ತದೆ. ಪ್ರೊಸೆಸರು ಬಿಡುವಾದೊಡನೆ “ಯಾರು?” ಎಂದು ಕೇಳುತ್ತದೆ. ಆಗ ಚಿಪ್ಪು ತಂತಿಗಳನ್ನು ನೋಡಿ ಸಂಖ್ಯೆಯನ್ನು ತಿಳಿಸಬೇಕು. ಆದರೆ ಆ ಎರಡು ಮಾತುಗಳ ನಡುವಿನ ಅತಿ ಸಣ್ಣ ಅವಧಿಯಲ್ಲಿ ಕರೆ ಮಾಯವಾಗಿದ್ದರೆ? ಪ್ರೊಸೆಸರು ಕೇಳಿಯಾಗಿದೆ, ಉತ್ತರ ಕೊಡಲೇಬೇಕು. “ಯಾರೂ ಇಲ್ಲ” ಎಂದು ಹೇಳುವ ಮಾತು ಈ ಚಿಪ್ಪಿನ ಭಾಷೆಯಲ್ಲಿ ಇಲ್ಲ. ಆದುದರಿಂದ ಅದು ಎಲ್ಲಕ್ಕಿಂತ ಕಡಿಮೆ ಮನ್ನಣೆಯ 7ನೆಯ ಸಂಖ್ಯೆಯನ್ನು ಹೇಳಿಬಿಡುತ್ತದೆ.

ತೊಡಕೆಂದರೆ ಆ 7ನೆಯ ತಂತಿ ಮುದ್ರಣಯಂತ್ರಕ್ಕೆ ಮೀಸಲಾಗಿತ್ತು. ನಿಜವಾಗಿ ಪ್ರಿಂಟರು ಕರೆದರೂ ಬರುವುದು 7. ಯಾರೂ ಕರೆಯದಿದ್ದರೂ ಬರುವುದು 7. ಇವೆರಡನ್ನು ಬೇರ್ಪಡಿಸುವ ಬಗೆ ಹೇಗೆ?

ಚಿಪ್ಪಿನೊಳಗೆ “ಈಗ ಸೇವೆಯಲ್ಲಿರುವ ಕರೆಗಳು” ಎಂಬ ಒಂದು ದಾಖಲೆ ಇದೆ. ನಿಜವಾದ ಕರೆಯಾದರೆ ಅದರ ಸಂಖ್ಯೆಯ ಎದುರಿಗೆ ಗುರುತು ಬೀಳುತ್ತದೆ. ಹುಸಿ ಕರೆಗೆ ಗುರುತಿಲ್ಲ. ಆದುದರಿಂದ ಬಲ್ಲ ಕರ್ನಲ್ 7ನೆಯ ಕರೆ ಬಂದೊಡನೆ ಆ ದಾಖಲೆಯನ್ನು ಓದಿ ನೋಡುತ್ತದೆ. ಗುರುತಿದ್ದರೆ ಪ್ರಿಂಟರಿನ ಕಡೆ ಹೋಗುತ್ತದೆ. ಇಲ್ಲದಿದ್ದರೆ ಹುಸಿ ಕರೆಗಳ ಲೆಕ್ಕಕ್ಕೆ ಒಂದನ್ನು ಸೇರಿಸಿ ಸುಮ್ಮನೆ ಮರಳುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹುಸಿ ಕರೆಗೆ “ಕರೆ ಮುಗಿಯಿತು” ಎಂಬ ಸೂಚನೆಯನ್ನು ಕೊಡಕೂಡದು. ಕೊಟ್ಟರೇನಾಯಿತು ಎಂದು ಓದುಗರು ಕೇಳಬಹುದು. ಆ ಸೂಚನೆ ಬಂದೊಡನೆ ಚಿಪ್ಪು ಸೇವೆಯಲ್ಲಿರುವ ಕರೆಗಳಲ್ಲಿ ಹೆಚ್ಚಿನ ಮನ್ನಣೆಯದರ ಗುರುತನ್ನು ಅಳಿಸುತ್ತದೆ. ಹುಸಿ ಕರೆಗೆ ಗುರುತೇ ಇಲ್ಲವಾದ್ದರಿಂದ ಅಳಿಯುವುದು ಇನ್ನಾವುದೋ ನಿಜವಾದ ಕರೆಯ ಗುರುತು. ಅರ್ಧ ನಡೆದಿರುವ ಕೆಲಸ ಪೂರ್ತಿಯಾಯಿತೆಂದು ಸುಳ್ಳು ಸಾಕ್ಷಿ ನುಡಿದಂತಾಯಿತು. ಅದಕ್ಕಿಂತ ಕೆಳಗಿನ ಕರೆಗಳು ನುಗ್ಗಿ ಬರುತ್ತವೆ, ಕ್ರಮ ಕೆಡುತ್ತದೆ.

1984ರ ಪಿಸಿ-ಎಟಿ ಯಂತ್ರದಲ್ಲಿ ಇಂತಹ ಎರಡು ಚಿಪ್ಪುಗಳನ್ನು ಒಂದರ ಕೆಳಗೊಂದು ಜೋಡಿಸಿದರು. ಕೆಳಗಿನ ಚಿಪ್ಪಿನ ಕರೆಗಳೆಲ್ಲ ಮೇಲಿನದರ 2ನೆಯ ತಂತಿಯ ಮೂಲಕ ಬರುತ್ತವೆ. ಕೆಳಗಿನದರ ಹುಸಿ ಕರೆ 15ನೆಯ ಸಂಖ್ಯೆಯಾಗಿ ತೋರುತ್ತದೆ. ಈಗ ಯಾರಿಗೆ ಮುಗಿಯಿತೆನ್ನಬೇಕು? ಕೆಳಗಿನದರಲ್ಲಿ ಗುರುತು ಬಿದ್ದಿಲ್ಲವಾದ್ದರಿಂದ ಅದಕ್ಕೆ ಹೇಳಬಾರದು. ಮೇಲಿನ ಚಿಪ್ಪಿಗಾದರೋ ಕೆಳಗಿನಿಂದ ನಿಜವಾಗಿಯೇ ಕರೆ ಬಂದಿತ್ತು, ಅದರ ದಾಖಲೆಯಲ್ಲಿ ಗುರುತಿದೆ, ಅದಕ್ಕೆ ಹೇಳಲೇಬೇಕು. ಒಂದೇ ಕರೆ ಒಬ್ಬನ ಪಾಲಿಗೆ ಹುಸಿ, ಇನ್ನೊಬ್ಬನ ಪಾಲಿಗೆ ದಿಟ!

ಮುಂದೆ ಬಂದ ಚಿಪ್ಪುಗಳನ್ನು ರೂಪಿಸಿದವರು ಈ ಅನುಭವದಿಂದ ಪಾಠ ಕಲಿತರು. ಇಂಟೆಲ್ ಪ್ರೊಸೆಸರುಗಳ ಎಪಿಐಸಿ ಎಂಬ ಭಾಗದಲ್ಲಿ ಹುಸಿ ಕರೆಗೆಂದೇ ಪ್ರತ್ಯೇಕ ಸಂಖ್ಯೆಯನ್ನು ಗೊತ್ತುಮಾಡಬಹುದು. ಫೋನುಗಳಲ್ಲಿ ಬಳಕೆಯಾಗುವ ಆರ್ಮ್ ಪ್ರೊಸೆಸರುಗಳ ಏರ್ಪಾಡಿನಲ್ಲಿ 1023 ಎಂಬ ಸಂಖ್ಯೆ ಬಂದರೆ ಸೇವೆ ಬೇಡುವ ಕರೆ ಈಗ ಇಲ್ಲವೆಂದು ಅರ್ಥ. ರಿಸ್ಕ್-5 ಪದ್ಧತಿಯಲ್ಲಿ ಕರೆಯನ್ನು ವಿಚಾರಿಸಿದಾಗ 0 ಬಂದರೆ ಅದೇ ಅರ್ಥ. “ಯಾರೂ ಇಲ್ಲ” ಎಂಬ ಮಾತನ್ನು ಯಂತ್ರದ ಬಾಯಿಗೆ ಕೊಟ್ಟದ್ದೇ ಇಲ್ಲಿಯ ಸುಧಾರಣೆ.

ಒಂದೇ ಹಗ್ಗಕ್ಕೆ ನಾಲ್ಕು ಕೈ

ತಂತಿಗಳು ಕಡಿಮೆ, ಉಪಕರಣಗಳು ಹೆಚ್ಚು. ಆದ್ದರಿಂದ 1990ರ ದಶಕದಲ್ಲಿ ಬಳಕೆಗೆ ಬಂದ ಪಿಸಿಐ ಎಂಬ ಜೋಡಣೆಯಲ್ಲಿ ಹಲವು ಕಾರ್ಡುಗಳು ಒಂದೇ ಕರೆತಂತಿಯನ್ನು ಹಂಚಿಕೊಂಡವು. ಕರೆಯ ರೀತಿಯೂ ಬದಲಾಯಿತು. ಮೊದಲು ಹಗ್ಗವನ್ನು ಒಮ್ಮೆ ಎಳೆದು ಬಿಡುತ್ತಿದ್ದರು. ಈಗ ಕೆಲಸ ತೀರುವವರೆಗೂ ಹಗ್ಗವನ್ನು ಹಿಡಿದೆಳೆದೇ ಇರುತ್ತಾರೆ. ಇದರಲ್ಲಿ ಒಳ್ಳೆಯ ಗುಣವಿದೆ: ಇಬ್ಬರು ಒಟ್ಟಿಗೆ ಕರೆದರೂ ಒಬ್ಬರ ಕರೆ ಕಳೆದುಹೋಗದು. ಕೆಟ್ಟ ಗುಣವೂ ಇದೆ: ಯಾರಾದರೊಬ್ಬ ಹಗ್ಗ ಬಿಡದಿದ್ದರೆ ಗಂಟೆ ನಿಲ್ಲುವುದೇ ಇಲ್ಲ.

ಹಂಚಿಕೊಂಡ ತಂತಿಯಲ್ಲಿ ಕರೆ ಬಂದಾಗ ಕರ್ನಲ್ ಆ ತಂತಿಗೆ ಸೇರಿದ ಡ್ರೈವರುಗಳನ್ನೆಲ್ಲ ಸಾಲಾಗಿ ವಿಚಾರಿಸುತ್ತದೆ. ಪ್ರತಿಯೊಂದು ಡ್ರೈವರೂ ತನ್ನ ಉಪಕರಣವನ್ನು ನೋಡಿ, “ನನ್ನದು” ಅಥವಾ “ನನ್ನದಲ್ಲ” ಎಂದು ಉತ್ತರ ಕೊಡಬೇಕು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಇಂದು ಲೋಕವೆಲ್ಲ ಬಳಸುವ ಲಿನಕ್ಸ್ ಕರ್ನಲ್‌ನಲ್ಲಿ ಈ ಉತ್ತರ ಕೊಡುವ ನಿಯಮ 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯ ವೇಳೆಗೆ ನೆಲೆಗೊಂಡಿತು.

ಎಲ್ಲರೂ “ನನ್ನದಲ್ಲ” ಎಂದರು; ಗಂಟೆ ಮಾತ್ರ ನಿಲ್ಲಲಿಲ್ಲ. ಆಗ ಆಗುವುದೇನು? ಕರ್ನಲ್ ಮರಳಿ ಹಳೆಯ ಕೆಲಸಕ್ಕೆ ಕಾಲಿಡುವಷ್ಟರಲ್ಲಿ ಮತ್ತೆ ಅದೇ ಕರೆ; ಮತ್ತೆ ಎಲ್ಲರ ವಿಚಾರಣೆ; ಮತ್ತೆ ಅದೇ ಉತ್ತರ. ಒಂದು ವಿಚಾರಣೆಗೆ ಸೆಕೆಂಡಿನ ಲಕ್ಷದ ಒಂದಂಶ ಹಿಡಿಯುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸೆಕೆಂಡಿಗೆ ಒಂದು ಲಕ್ಷ ಹುಸಿ ಕರೆಗಳು ಬಂದರೆ ಇಡೀ ಸೆಕೆಂಡು ಅವಕ್ಕೇ ಮೀಸಲು. ಪ್ರೊಸೆಸರು ಎಡೆಬಿಡದೆ ದುಡಿಯುತ್ತಿದೆ, ಆದರೆ ಕೆಲಸವೊಂದೂ ಸಾಗುತ್ತಿಲ್ಲ. ಇದನ್ನು ಇಂಟರಪ್ಟುಗಳ ಬಿರುಗಾಳಿ ಎನ್ನುತ್ತಾರೆ.

ಎಷ್ಟು ಸಹಿಸಬೇಕು?

ಇಲ್ಲಿಯೇ ಈ ವಿಷಯದ ನಿಜವಾದ ಧರ್ಮಸಂಕಟ ತಲೆಯೆತ್ತುವುದು. ಮೊದಲ ಹುಸಿ ಕರೆ ಬಂದೊಡನೆ ತಂತಿಯನ್ನು ಮುಚ್ಚಿಬಿಡೋಣವೇ? ಹಾಗೆ ಮಾಡಿದರೆ ಒಂದು ಕ್ಷಣದ ವಿದ್ಯುತ್ ಮಿಡಿತಕ್ಕಾಗಿ ಅದೇ ತಂತಿಯಲ್ಲಿರುವ ಡಿಸ್ಕಿನ ಬಾಯಿಯನ್ನೂ ಮುಚ್ಚಿದಂತಾಗುತ್ತದೆ. ಗೋದಾಮಿನವನ ತಪ್ಪಿಗೆ ಬಾಯ್ಲರಿನವನ ಹಗ್ಗವನ್ನೂ ಕತ್ತರಿಸಿದರೆ ಬಾಯ್ಲರು ಸಿಡಿದಾಗ ಹೇಳುವವರಾರು? ಎಂದೆಂದಿಗೂ ಸಹಿಸಿಕೊಂಡೇ ಇರೋಣವೇ? ಆಗ ಯಂತ್ರವೇ ನಿಂತುಹೋಗುತ್ತದೆ.

ಲಿನಕ್ಸ್ ಕರ್ನಲ್ ಹಿಡಿದ ನಡುದಾರಿ ವಿವೇಚನೆಯಿಂದ ಕೂಡಿದ್ದು. ಅದು ಪ್ರತಿ ತಂತಿಗೂ ಎರಡು ಲೆಕ್ಕಗಳನ್ನು ಇಡುತ್ತದೆ: ಬಂದ ಕರೆಗಳೆಷ್ಟು, ಅವುಗಳಲ್ಲಿ ಯಾರೂ ತಮ್ಮದೆನ್ನದವು ಎಷ್ಟು. ಕರೆಗಳ ಸಂಖ್ಯೆ 1,00,000 ಮುಟ್ಟಿದಾಗ ಎರಡನೆಯ ಲೆಕ್ಕವನ್ನು ನೋಡುತ್ತದೆ. ಅದು 99,900ನ್ನು ಮೀರಿದ್ದರೆ, ಅಂದರೆ ಸಾವಿರಕ್ಕೆ ಒಂದು ಕರೆಗೂ ಒಡೆಯನಿಲ್ಲವೆಂದು ಕಂಡರೆ, ತಂತಿ ಕೆಟ್ಟಿದೆಯೆಂದು ತೀರ್ಮಾನಿಸಿ “ನೋಬಡಿ ಕೇರ್ಡ್”, ಎಂದರೆ ಯಾರೂ ವಿಚಾರಿಸಲಿಲ್ಲ, ಎಂಬ ಸಂದೇಶವನ್ನು ಬರೆದು ತಂತಿಯನ್ನು ಮುಚ್ಚುತ್ತದೆ. ಮೀರಿಲ್ಲದಿದ್ದರೆ ಎರಡು ಲೆಕ್ಕಗಳನ್ನೂ ಸೊನ್ನೆಗೆ ತಂದು ಮತ್ತೆ ಎಣಿಸತೊಡಗುತ್ತದೆ.

ಇದರಲ್ಲಿಯೂ ಒಂದು ಎಚ್ಚರಿಕೆಯಿದೆ. ದಿನಕ್ಕೆ ಹತ್ತು ಹುಸಿ ಕರೆಗಳು ಬರುವ ಯಂತ್ರವೊಂದು ವರ್ಷಗಟ್ಟಲೆ ನಿಲ್ಲದೆ ನಡೆಯಬಹುದು. ಅಂತಹ ಬಿಡಿ ಕರೆಗಳನ್ನೂ ಕೂಡಿಸುತ್ತ ಹೋದರೆ, ಚೆನ್ನಾಗಿಯೇ ಇರುವ ಯಂತ್ರಕ್ಕೆ ಒಂದು ದಿನ ಅಕಾರಣವಾಗಿ ಮರಣದಂಡನೆ ಬೀಳುತ್ತದೆ. ಆದುದರಿಂದ ಒಂದು ಹುಸಿ ಕರೆಗೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಅಂತರವಿದ್ದರೆ, ಹಳೆಯ ಹುಸಿಗಳ ಲೆಕ್ಕವನ್ನು ಬಿಟ್ಟು ಮತ್ತೆ ಒಂದರಿಂದ ಎಣಿಸುತ್ತದೆ. ಅಪರೂಪಕ್ಕೆ ತಪ್ಪುವವನಿಗೆ ಕ್ಷಮೆಯುಂಟು; ಎಡೆಬಿಡದೆ ಹುಸಿ ನುಡಿಯುವವನಿಗೆ ಇಲ್ಲ.

ತಂತಿ ಮುಚ್ಚಿದ ಮೇಲೆ ಅದರಲ್ಲಿದ್ದ ನಿರಪರಾಧಿಗಳ ಗತಿಯೇನು? ಕರ್ನಲ್ ಆಗ ಹಳೆಯ ಪೋಲಿಂಗ್ ಪದ್ಧತಿಗೆ ಮೊರೆಹೋಗುತ್ತದೆ. ಸೆಕೆಂಡಿಗೆ ಹತ್ತು ಬಾರಿ ತಾನೇ ಎದ್ದು ಹೋಗಿ ಆ ತಂತಿಯ ಉಪಕರಣಗಳನ್ನು ವಿಚಾರಿಸಿಕೊಂಡು ಬರುತ್ತದೆ. ಕೆಲಸ ನಿಧಾನವಾಗುತ್ತದೆ; ಆದರೆ ಪೂರ್ತಿ ನಿಲ್ಲುವುದಿಲ್ಲ. ಹಿಂದೆ ದಂಡವೆಂದು ತಳ್ಳಿದ ಪದ್ಧತಿಯೇ ಆಪತ್ತಿನಲ್ಲಿ ಆಸರೆಯಾದುದನ್ನು ಗಮನಿಸಬೇಕು.

ಈ ಏರ್ಪಾಡೆಲ್ಲ ನಿಂತಿರುವುದು ಒಂದೇ ಆಧಾರದ ಮೇಲೆ: ಡ್ರೈವರುಗಳು ದಿಟ ನುಡಿಯಬೇಕು. ಉಪಕರಣವನ್ನು ನೋಡದೆಯೇ ಪ್ರತಿಬಾರಿಯೂ “ನನ್ನದು” ಎಂದು ಉತ್ತರ ಕೊಡುವ ಡ್ರೈವರನ್ನು ಬರೆಯುವುದು ಬಹು ಸುಲಭ. ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಆದರೆ ಅಂತಹ ಒಂದು ಡ್ರೈವರು ಸಾಲಿನಲ್ಲಿದ್ದರೆ ಕರ್ನಲ್‌ನ ಎಣಿಕೆ ವ್ಯರ್ಥ. ಬಿರುಗಾಳಿ ಬೀಸಿದಾಗ ಎಲ್ಲ ಕರೆಗಳಿಗೂ ಒಡೆಯನಿದ್ದಾನೆಂದು ಅದು ನಂಬುತ್ತದೆ. ಯಂತ್ರ ನಿಂತ ಮೇಲೆಯೂ ಕಾರಣ ತಿಳಿಯುವುದಿಲ್ಲ. ತನಗೆ ಸೇರದ್ದನ್ನು ಸೇರದೆಂದು ಹೇಳುವುದೂ ಕೆಲಸದ ಒಂದು ಭಾಗವೇ.

ಹಂಚಿಕೆಯ ಈ ತೊಡಕನ್ನು ಬುಡದಲ್ಲಿಯೇ ಕಳೆಯುವ ಉಪಾಯವೂ ಬಂದಿದೆ. ಇತ್ತೀಚಿನ ಕಾರ್ಡುಗಳು ತಂತಿಯನ್ನು ಎಳೆಯುವ ಬದಲು ಗೊತ್ತಾದ ವಿಳಾಸಕ್ಕೆ ಒಂದು ಸಣ್ಣ ಸಂದೇಶವನ್ನು ಬರೆದು ಕರೆಯುತ್ತವೆ. ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ. ಗಂಟೆಯ ಬದಲು ಹೆಸರು ಬರೆದ ಚೀಟಿ ಬಂದಂತೆ. ಇದರಿಂದ ಹುಸಿ ಕರೆಗಳು ಬಹಳವಾಗಿ ಕಡಿಮೆಯಾದವು. ಇಲ್ಲವೇ ಇಲ್ಲವೆಂದು ಮಾತ್ರ ಹೇಳುವಂತಿಲ್ಲ.

ಚಂದ್ರನ ಬಾಗಿಲಿನಲ್ಲಿ

ಬೇಡದ ಕರೆಗಳು ಎಂತಹ ವೇಳೆಯಲ್ಲಿ ಬಂದಾವೆಂಬುದಕ್ಕೆ 1969ರ ಜುಲೈ 20ರ ಘಟನೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅವರ ನೌಕೆಯ ಗಣಕ 1202 ಎಂಬ ಎಚ್ಚರಿಕೆಯನ್ನು ಮತ್ತೆ ಮತ್ತೆ ತೋರಿಸಿತು. 1201 ಎಂಬುದೂ ಬಂತು. ಕೈಗೆತ್ತಿಕೊಂಡ ಕೆಲಸಗಳನ್ನು ಮುಗಿಸಲು ವೇಳೆ ಸಾಲುತ್ತಿಲ್ಲ, ಹೊಸ ಕೆಲಸಕ್ಕೆ ಜಾಗವಿಲ್ಲ ಎಂಬುದು ಅದರ ಇಂಗಿತ.

ಕಾರಣ ಆಮೇಲೆ ತಿಳಿಯಿತು. ಇಳಿಯುವಾಗ ಅಗತ್ಯವಿಲ್ಲದ ರಾಡಾರೊಂದರ ಕೋನವನ್ನು ಅಳೆಯುವ ಮಂಡಲ, ತಾಳ ಹೊಂದದ ಎರಡು ವಿದ್ಯುತ್ ಮೂಲಗಳ ನಡುವೆ ಸಿಕ್ಕಿ, ಅಲುಗದ ರಾಡಾರು ಅಲುಗುತ್ತಿದೆಯೆಂದು ಗಣಕಕ್ಕೆ ಸೆಕೆಂಡಿಗೆ ಸುಮಾರು 12,800 ಮಿಡಿತಗಳನ್ನು ಕಳುಹಿಸುತ್ತಿತ್ತು. ಶಾಸ್ತ್ರೀಯವಾಗಿ ಇವು ಇಂಟರಪ್ಟುಗಳಲ್ಲ. ಒಂದು ಎಣಿಕೆಗೆ ಒಂದನ್ನು ಕೂಡಿಸಲು ಗಣಕದ ಒಂದು ಆವರ್ತವನ್ನು ಕಸಿದುಕೊಳ್ಳುವ ಸಂಕೇತಗಳು. ಆದರೆ ರೋಗ ಅದೇ ಜಾತಿಯದು. ಆ ಗಣಕದ ಒಂದು ಆವರ್ತಕ್ಕೆ 11.7 ಮೈಕ್ರೋಸೆಕೆಂಡು. ವಿದ್ಯಾರ್ಥಿಗಳೇ ಗುಣಿಸಿ ನೋಡಬಹುದು: ಪ್ರತಿ ಸೆಕೆಂಡಿನಲ್ಲಿಯೂ 0.15 ಸೆಕೆಂಡು, ಅಂದರೆ ಶೇಕಡ 15ರಷ್ಟು ಸಮಯ, ಇಲ್ಲದ ಚಲನೆಯನ್ನು ಎಣಿಸುವುದರಲ್ಲಿಯೇ ಕಳೆದುಹೋಯಿತು.

ಆದರೂ ನೌಕೆ ಕ್ಷೇಮವಾಗಿ ಇಳಿಯಿತು. ಏಕೆಂದರೆ ಕೆಲಸಗಳಿಗೆ ಮನ್ನಣೆಯ ಕ್ರಮವನ್ನು ಗೊತ್ತುಮಾಡಿ, ತೊಂದರೆ ಬಂದಾಗ ಮುಖ್ಯವಲ್ಲದವನ್ನು ಬಿಟ್ಟು ಮುಖ್ಯವಾದವನ್ನು ಮಾತ್ರ ಮತ್ತೆ ಆರಂಭಿಸುವಂತೆ ಅದರ ಕಾರ್ಯಕ್ರಮವನ್ನು ಮೊದಲೇ ರಚಿಸಿದ್ದರು. ಹುಸಿ ಕರೆ ಬಾರದಂತೆ ತಡೆಯಲು ಅವರಿಂದ ಆಗಲಿಲ್ಲ. ಬಂದಾಗ ಬಾಳಿ ಉಳಿಯುವ ಬಗೆಯನ್ನು ಅವರು ಬಲ್ಲವರಾಗಿದ್ದರು.

ನಾವೇ ಮಾಡಿ ನೋಡಬಹುದಾದದ್ದು

ಹುಸಿ ಕರೆಯನ್ನು ಕಣ್ಣಾರೆ ಕಾಣಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಶಾಲೆಯಲ್ಲಿ ಆರ್ಡುಯಿನೊ ಹಲಗೆಯೊಂದಿದ್ದರೆ ಸಾಕು. ಇಂಟರಪ್ಟ್ ಸ್ವೀಕರಿಸುವ ಅದರ ಒಂದು ತುದಿಗೆ ಒತ್ತುಗುಂಡಿಯನ್ನು ಸೇರಿಸಿ, ಒತ್ತಿದಾಗ ಒಂದನ್ನು ಎಣಿಸುವಂತೆ ಕಾರ್ಯಕ್ರಮ ಬರೆಯಿರಿ. ಒಮ್ಮೆ ಒತ್ತಿದರೂ ಎಣಿಕೆ ಮೂರೋ ಐದೋ ಏರುವುದುಂಟು. ಗುಂಡಿಯೊಳಗಿನ ಲೋಹದ ನಾಲಗೆ ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುವುದೇ ಇದಕ್ಕೆ ಕಾರಣ. ಮೊದಲ ಎಣಿಕೆಯ ನಂತರ 20 ಮಿಲಿಸೆಕೆಂಡುಗಳವರೆಗೆ ಬರುವ ಕರೆಗಳನ್ನು ಲೆಕ್ಕಕ್ಕೆ ಹಿಡಿಯದಂತೆ ಕಾರ್ಯಕ್ರಮವನ್ನು ತಿದ್ದಿದರೆ ಎಣಿಕೆ ಸರಿಹೋಗುತ್ತದೆ.

ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯವಾದದ್ದು. ಗುಂಡಿಯನ್ನು ತೆಗೆದು, ಅದೇ ತುದಿಗೆ ಗೇಣುದ್ದದ ತಂತಿಯೊಂದನ್ನು ಸಿಕ್ಕಿಸಿ ಬರಿದೆ ಬಿಡಿ. ಹಲಗೆಯ ಒಳಗಿನ ಪುಲ್-ಅಪ್ ರೋಧಕವನ್ನು ಬಳಸದೆ, ತಂತಿಯ ಇನ್ನೊಂದು ತುದಿಯನ್ನು ಬೆರಳಿನಿಂದ ಮುಟ್ಟಿ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಅತ್ತಿತ್ತ ತುಯ್ಯುತ್ತಿರುತ್ತದಷ್ಟೆ. ಅದರ ಛಾಯೆ ನಮ್ಮ ಮೈಯ ಮೂಲಕ ತಂತಿಗೆ ಇಳಿದು, ಯಾರೂ ಒತ್ತದ ಗುಂಡಿಯ ಎಣಿಕೆ ಸರಸರನೆ ಏರತೊಡಗುತ್ತದೆ. 10 ಕಿಲೋಓಮ್ ರೋಧಕವೊಂದರಿಂದ ಆ ತುದಿಯನ್ನು ಹಲಗೆಯ 5 ವೋಲ್ಟಿಗೆ ಕಟ್ಟಿಹಾಕಿದೊಡನೆ ಎಲ್ಲವೂ ಶಾಂತ. ಹಲಗೆಯನ್ನು ಬ್ಯಾಟರಿಯಿಂದಲೋ ಕಂಪ್ಯೂಟರಿನ ಯುಎಸ್‌ಬಿ ತಂತಿಯಿಂದಲೋ ನಡೆಸಬೇಕು. ಗೋಡೆಯ ವಿದ್ಯುತ್ತಿನ ತಂತಿಗಳನ್ನು ಎಂದಿಗೂ ಮುಟ್ಟಕೂಡದು.

ಲಿನಕ್ಸ್ ಇರುವ ಕಂಪ್ಯೂಟರು ದೊರೆತರೆ, ಪ್ರೊಕ್ ಎಂಬ ಕೋಶದೊಳಗಿನ ಇಂಟರಪ್ಟ್ಸ್ ಎಂಬ ಕಡತವನ್ನು ತೆರೆದು ನೋಡಿ. ಯಾವ ಉಪಕರಣ ಎಷ್ಟು ಬಾರಿ ಕರೆದಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ಇಂಟೆಲ್ ಜಾತಿಯ ಪ್ರೊಸೆಸರುಗಳಲ್ಲಿ ಕೊನೆಯ ಭಾಗದಲ್ಲಿ ಎಸ್‌ಪಿಯು ಎಂಬ ಸಾಲು ಹುಸಿ ಕರೆಗಳದು. ಬಹುಮಟ್ಟಿಗೆ ಅಲ್ಲಿ ಸೊನ್ನೆ ಕಾಣುತ್ತದೆ. ಆ ಸೊನ್ನೆಯ ಹಿಂದೆ ಎಷ್ಟು ಮಂದಿಯ ಶ್ರಮವಿದೆಯೆಂಬುದನ್ನು ಈಗ ನೀವು ಬಲ್ಲಿರಿ.

ಬ್ಯಾಟರಿಯಿಂದ ನಡೆಯುವ ಯಂತ್ರಗಳಿಗಂತೂ ಇದು ಜೀವಾಳದ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೊಡನೆ ಸೇರಿ, ಜನಸಾಮಾನ್ಯರ ಕೈಗೆಂದು ರೂಪಿಸಿ 2001ರ ಸುಮಾರಿಗೆ ತೋರಿಸಿದ ಸಿಂಪ್ಯೂಟರ್ ಲಿನಕ್ಸ್‌ನಿಂದಲೇ ನಡೆಯುತ್ತಿತ್ತು. ಇಂತಹ ಕೈಯಂತ್ರಗಳಲ್ಲಿ ಕೆಲಸವಿಲ್ಲದಾಗ ಪ್ರೊಸೆಸರು ನಿದ್ರಿಸುತ್ತದೆ. ಕರೆ ಬಂದಾಗ ಏಳುತ್ತದೆ. ಹುಸಿ ಕರೆಯೊಂದು ಪದೇ ಪದೇ ಎಬ್ಬಿಸಿದರೆ ಯಾರೂ ಮುಟ್ಟದ ಯಂತ್ರದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಬರಿದಾಗುತ್ತದೆ.

ನಂಬಿಕೆಯ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ನೀರು ನುಗ್ಗಿತು. ನದಿಯ ಕೆಳಗಿನ ಊರುಗಳಿಗೆ ಎಚ್ಚರಿಕೆ ಹೋಯಿತು. ಕಾಲುವೆಯನ್ನೇ ನಂಬಿದ್ದ ರೈತರ ಎದೆ ನಡುಗಿತು. ಅಂತಹ ಹೊತ್ತಿನಲ್ಲಿ ಬರುವ ಕರೆಯನ್ನು ಕೇಳಿದವರು ಕೂಡಲೇ ನಂಬಬೇಕು. ಹಿಂದೆ ನೂರು ಬಾರಿ ಹುಸಿಯಾಗಿ ಬಾರಿಸಿದ ಗಂಟೆಯಾದರೆ ನಂಬುವರೇ? ತೋಳ ಬಂತೆಂದು ಕೂಗಿದ ಹುಡುಗನ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಆ ಕಥೆ ಹುಡುಗನಿಗೆ ಬುದ್ಧಿ ಹೇಳುತ್ತದೆಯೇ ಹೊರತು, ಕೂಗನ್ನು ಕೇಳುವ ಊರವರು ಏನು ಮಾಡಬೇಕೆಂದು ತಿಳಿಸುವುದಿಲ್ಲ.

ಕರ್ನಲ್ ಬರೆದವರು ಆ ಉಳಿದ ಅರ್ಧಕ್ಕೆ ಉತ್ತರವನ್ನು ಹುಡುಕಿದ್ದಾರೆ. ಪ್ರತಿ ಕರೆಗೂ ಎದ್ದು ಹೋಗಿ ವಿಚಾರಿಸಬೇಕು. ಒಡೆಯನಿಲ್ಲದ ಕರೆಯನ್ನು ಮರೆಯದೆ ಲೆಕ್ಕದಲ್ಲಿ ಬರೆಯಬೇಕು. ಒಂದೆರಡು ಹುಸಿಗಳಿಗೆ ಯಾರನ್ನೂ ದಂಡಿಸಬಾರದು. ಹುಸಿಯೇ ಹೆಚ್ಚಾದಾಗ ಮಾತ್ರ ತಂತಿಯನ್ನು ಮುಚ್ಚಬೇಕು. ಮುಚ್ಚಿದ ಮೇಲೆಯೂ ಅದರ ಆಚೆಗಿರುವವರನ್ನು ಆಗಾಗ ಹೋಗಿ ನೋಡಿ ಬರುವುದನ್ನು ಬಿಡಬಾರದು.

ನಾಳೆ ಕಾಲುವೆಯ ನೀರಿನ ಮಟ್ಟವನ್ನು ಅಳೆಯುವ, ಆಸ್ಪತ್ರೆಯಲ್ಲಿ ರೋಗಿಯ ಉಸಿರನ್ನು ಕಾಯುವ, ಗಿರಣಿಯ ಬಾಯ್ಲರಿನ ಒತ್ತಡವನ್ನು ನೋಡಿಕೊಳ್ಳುವ ಯಂತ್ರಗಳಿಗೆ ಕಾರ್ಯಕ್ರಮ ಬರೆಯುವವರು ಇಂದು ಸಿರಿಗೇರಿಯಂತಹ ಊರುಗಳ ಶಾಲೆಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರೇ. ಯಂತ್ರದ ಗಂಟೆ ಬಾರಿಸಿದಾಗ ಕರೆದವರಾರೆಂದು ತಾಳ್ಮೆಯಿಂದ ವಿಚಾರಿಸುವ ಅಭ್ಯಾಸವನ್ನು ಅವರು ಈಗಿನಿಂದಲೇ ಬೆಳೆಸಿಕೊಳ್ಳಲಿ.